ಗಿಲ್ಬರ್ಟ್ ಹೇಳದ ಹೆಸರುಗಳು

ಹೋದ ತಿಂಗಳು ನಮ್ಮ ಬ್ಲಾಕಿನ ಕೆಳಗೆ, ಗೋಡೆಯಿಲ್ಲದೆ ಕಂಬಗಳಷ್ಟೇ ಇರುವ ವಾಯ್ಡ್ ಡೆಕ್ಕಿನಲ್ಲಿ ಯಾರೋ ಒಬ್ಬ ಅಪ್ಪ ಮಗಳ ಸ್ಕೂಲ್ ಪ್ರಾಜೆಕ್ಟಿಗಾಗಿ ರಟ್ಟಿನ ಪೆಟ್ಟಿಗೆಗೆ ಬೆಳ್ಳಿ ಬಣ್ಣ ಸ್ಪ್ರೇ ಮಾಡುತ್ತಿದ್ದ. ಹೊರಗೆ ಜೋರು ಮಳೆ. ಒದ್ದೆ ಸಿಮೆಂಟಿನ ವಾಸನೆಯ ಜೊತೆ ಆ ಬಣ್ಣದ ಘಾಟು ಮೂಗಿಗೆ ಹೊಡೆದದ್ದೇ ತಡ, ತರಕಾರಿ ಚೀಲ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ದೂರು ಕೊಡಲು ಬಂದವಳೆಂದುಕೊಂಡು ಆತ "ಸಾರಿ ಆಂಟಿ, ಫೈವ್ ಮಿನಿಟ್ಸ್ ಲಾ" ಎಂದ. ನನಗೆ ನಗು ಬಂತು. ಕೆಲವು ವರ್ಷಗಳ ಹಿಂದೆ ಅದೇ ಕಂಬದ ಪಕ್ಕದಲ್ಲಿ ನಿಂತು ನಾನು ನನ್ನ ರಟ್ಟಿನ ಎದೆಕವಚಕ್ಕೆ ಅದೇ ಬಣ್ಣ ಹೊಡೆದುಕೊಂಡಿದ್ದೆ. ಆಗ ನಾನು ಇಂಗ್ಲೆಂಡಿನ ರಾಜನ ಗೂಢಚಾರ, ಇಪ್ಪತ್ತರ ಹರೆಯದ ಸರ್ ಗಿಲ್ಬರ್ಟ್. ನಿಜದಲ್ಲಿ ನಲವತ್ತೈದು ದಾಟಿತ್ತು, ಮಂಡಿನೋವೂ ಶುರುವಾಗಿತ್ತು.

ಸಂಕ್ರಾಂತಿ ಕಾರ್ಯಕ್ರಮಕ್ಕೆ ಒಂದು ನಾಟಕ ಮಾಡಿಸಿ ಎಂದು ಈ ಪರದೇಶದಲ್ಲಿರುವ ನಮ್ಮ ಕನ್ನಡ ಸಂಘದವರು ಮುರಿಗೆಪ್ಪನವರನ್ನು ಕೇಳಿದ್ದರು. ಮುರಿಗೆಪ್ಪ ಗದಗಿನ ಕಡೆಯವರು, ಸೆಂಬವಾಂಗಿನ ಹಡಗುಕಟ್ಟೆಯಲ್ಲಿ ಎಂಜಿನಿಯರ್. ಅವರ ಅಜ್ಜ ಕಂಪನಿ ನಾಟಕಗಳಲ್ಲಿ ರಾಜನ ಪಾರ್ಟು ಮಾಡುತ್ತಿದ್ದರಂತೆ. ಸಂಘದ ಸಭೆಗಳಲ್ಲಿ ಅವರು ನಮ್ಮ ಹಾಗೆಯೇ ಬೆಂಗಳೂರು ಕನ್ನಡ ಆಡುತ್ತಿದ್ದರು. ಸಿಟ್ಟು ಬಂದಾಗ, ಇಲ್ಲವೇ ಹೊಟ್ಟೆ ಹಸಿದಾಗ ಮಾತ್ರ ಊರ ಮಾತು ಹೊರಗೆ ಬರುತ್ತಿತ್ತು. ನಾಟಕಕ್ಕೆ ಇಂಗ್ಲೆಂಡ್ ಯಾಕೆ, ನಮ್ಮಲ್ಲಿ ರಾಜರಿಲ್ಲವೇ ಎಂದು ಯಾರೋ ಕೇಳಿದಾಗ ಅವರು ಹೇಳಿದ್ದು ನನಗಿನ್ನೂ ಕಿವಿಯಲ್ಲಿದೆ.

"ನಮ್ಮ ರಾಜರ ಕಥಿ ಮಾಡಿದ್ರ ಆತ ಯಾರ ಜಾತಿ, ಯಾರ ಊರಾಂವ ಅಂತ ಜಗಳ ಹತ್ತತೈತಿ. ಇಂಗ್ಲೆಂಡ್ ರಾಜ ಯಾರಿಗೂ ಬೀಗ ಅಲ್ಲ."

ಕಥೆ ಸರಳವಾಗಿತ್ತು. ಬಹಳ ಹಿಂದಿನ ಕಾಲ. ಇಂಗ್ಲೆಂಡಿನ ರಾಜ ಗಿಲ್ಬರ್ಟ್ ಎಂಬ ಯುವಕನನ್ನು ಕರೆಸುತ್ತಾನೆ. ಅವನು ನೈಟ್, ನಮ್ಮ ಮಾತಿನಲ್ಲಿ ಹೇಳುವುದಾದರೆ ರಾವುತ. ಉತ್ತರದ ಪಾಳೆಯಗಾರನ ಕೋಟೆಗೆ ಹೋಗು, ಅಲ್ಲಿ ನನ್ನ ವಿರುದ್ಧ ಮಾತಾಡುವವರು ಯಾರೆಂದು ತಿಳಿದು ಬಾ ಎನ್ನುತ್ತಾನೆ. ಗಿಲ್ಬರ್ಟ್ ಅಲ್ಲಿ ಒಂದು ಚಳಿಗಾಲ ಕಳೆಯುತ್ತಾನೆ, ಅವರ ಅನ್ನ ತಿನ್ನುತ್ತಾನೆ. ವಸಂತದಲ್ಲಿ ವಾಪಸು ಬಂದಾಗ ರಾಜ ಕೇಳುತ್ತಾನೆ, ಹೆಸರುಗಳನ್ನು ಹೇಳು. ಅಲ್ಲಿಗೆ ಮುರಿಗೆಪ್ಪ ನಿಲ್ಲಿಸಿದ್ದರು. ಕೊನೆಯ ದೃಶ್ಯವನ್ನು ಅವರು ಯಾವತ್ತೂ ಮೊದಲೇ ಬರೆಯುತ್ತಿರಲಿಲ್ಲ. ಪಾತ್ರಧಾರಿಗಳು ಪಾತ್ರದೊಳಗೆ ಇಳಿದ ಮೇಲೆ ಅವರನ್ನೇ ಕೇಳಿ, ರಿಹರ್ಸಲ್ ನೆಲದ ಮೇಲೆ ಕಟ್ಟುತ್ತಿದ್ದರು. ಅಜ್ಜನ ಪದ್ಧತಿಯಂತೆ.

ಮೂವತ್ತು ದಾಟಿದಾಗಿನಿಂದ ಸಂಘದ ನಾಟಕಗಳಲ್ಲಿ ನನಗೆ ಸಿಕ್ಕಿದ್ದು ತಾಯಿಯ ಪಾತ್ರ ಒಂದೇ. ತಲೆಗೆ ಬಿಳಿ ಪೌಡರು, ಕೈಯಲ್ಲಿ ಹೂವಿನ ತಟ್ಟೆ, "ಮಗೂ, ಜೋಪಾನ" ಎಂಬ ಒಂದು ಮಾತು, ಅಷ್ಟೇ. ಆ ವರ್ಷ ಪಾತ್ರ ಹಂಚುವ ದಿನ ಮುರಿಗೆಪ್ಪ ಎಲ್ಲರಿಗೂ ಕುದುರೆಯಿಂದ ಇಳಿದು ರಾಜನೆದುರು ನಡೆದು ಬರಲು ಹೇಳಿದರು. ಹುಡುಗರೆಲ್ಲ ಫೋನ್ ಕೈಯಲ್ಲಿ ಹಿಡಿದೇ ಇಳಿದರು. ನನ್ನ ಸರದಿ ಬಂದಾಗ ಮೈಸೂರಿನ ಟಾಂಗಾ ಸ್ಟ್ಯಾಂಡಿನಲ್ಲಿ ನೋಡಿದ್ದ ಕುದುರೆಗಳನ್ನೆಲ್ಲ ನೆನೆದು ಇಳಿದೆ. ಮಂಡಿ ಕಟಕ್ ಅಂದಿತು, ಆದರೂ ನಡೆದೆ. ಅವರು ಒಂದೇ ಮಾತು ಹೇಳಿದರು: "ಗಿಲ್ಬರ್ಟ್ ಸಿಕ್ಕ." ನಾನು ಮನೆಗೆ ಬಂದು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅತ್ತೆ. ಖುಷಿಗೆ.

ನವೆಂಬರ್ ಬಂದದ್ದೇ ಈಶಾನ್ಯದ ಮಳೆ ಹಿಡಿಯಿತು. ದಿನಾ ಮಧ್ಯಾಹ್ನ ನಮ್ಮ ಬಡಾವಣೆ ಸೆಂಗ್‌ಕಾಂಗಿನ ಮೇಲೆ ಮೋಡ ಕಪ್ಪಾಗಿ, ಎದುರಿನ ಬ್ಲಾಕು ಕಾಣದಷ್ಟು ಸುರಿದು, ಸಂಜೆಗೆ ಏನೂ ಆಗದ ಹಾಗೆ ನಿಲ್ಲುತ್ತಿತ್ತು. ಶನಿವಾರ, ಭಾನುವಾರ ನಮ್ಮ ರಿಹರ್ಸಲ್ ಇದೇ ವಾಯ್ಡ್ ಡೆಕ್ಕಿನಲ್ಲಿ. ಎರಚಲು ಒಳಗೆ ಬಂದರೆ ಲಿಫ್ಟಿನ ಕಡೆಗೆ ಸರಿಯುತ್ತಿದ್ದೆವು. ಕಲ್ಲುಮೇಜಿನ ಹತ್ತಿರ ಚದುರಂಗ ಆಡುತ್ತಿದ್ದ ಚೀನೀ ಅಂಕಲ್ ಒಬ್ಬರು ಆಟ ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. ರಟ್ಟಿನ ಕತ್ತಿಗಳಿದ್ದರೂ ಯಾರೂ ಸಾಯುವುದಿಲ್ಲವಲ್ಲ ಎಂದು ಅವರಿಗೆ ಬೇಸರ. "ಟುಡೇ ಆಲ್ಸೋ ನೋಬಡಿ ಡೈ ಆ?" ಎಂದು ವಾರವಾರವೂ ಕೇಳುತ್ತಿದ್ದರು.

ರಾಜನಾಗಿ ಜಯರಾಮ್, ಪಕ್ಕದ ಹೌಗಾಂಗಿನ ಹಲ್ಲಿನ ಡಾಕ್ಟರು. ಎಷ್ಟು ಗಂಭೀರವಾಗಿ ಹೇಳಿದರೂ ಬಾಯಿ ತೆರೆಯಿರಿ ಎಂದ ಹಾಗೆಯೇ ಕೇಳುತ್ತಿತ್ತು. ಪಾಳೆಯಗಾರ ಸ್ವತಃ ಮುರಿಗೆಪ್ಪ. ಕೋಟೆಯಲ್ಲಿ ಗಿಲ್ಬರ್ಟನಿಗೆ ಔತಣ ಕೊಡುವ ದೃಶ್ಯವನ್ನು ಖಾಲಿ ತಟ್ಟೆ ಇಟ್ಟುಕೊಂಡು ಮಾಡುತ್ತಿದ್ದೆವು. ಒಂದು ದಿನ ಎಲ್ಲರಿಗೂ ಹಸಿವು. ನಿಜವಾದ ಡಬ್ಬಿಗಳನ್ನೇ ತೆರೆದೆವು. ಮುರಿಗೆಪ್ಪನವರ ಹೆಂಡತಿ ಕಳಿಸಿದ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಯಾರದೋ ಮನೆಯ ಚಿತ್ರಾನ್ನ, ನನ್ನ ಪುಳಿಯೋಗರೆ. ಉತ್ತರ ಇಂಗ್ಲೆಂಡಿನ ಪಾಳೆಯಗಾರ ನನ್ನ ತಟ್ಟೆಗೆ ರೊಟ್ಟಿ ಹಾಕಿದ. ನಾನು ಸಾಕು ಎಂದು ಕೈ ಅಡ್ಡ ಇಟ್ಟೆ. ಅವನು ಕೈ ತಪ್ಪಿಸಿ ಇನ್ನೊಂದು ಹಾಕಿದ. "ಅಯ್ಯೋ ಸಾಕು" ಎಂದು ತಟ್ಟೆ ಎಳೆದುಕೊಂಡೆ. "ನನ್ನ ಮ್ಯಾಲ ಆಣಿ, ಇದೊಂದು" ಎಂದು ಮತ್ತೊಂದು ಹಾಕಿಯೇಬಿಟ್ಟ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮದುವೆಮನೆಯ ಪಂಕ್ತಿಯಲ್ಲಿ ಬೆಳೆದವರು ಕವಚ ತೊಟ್ಟರೂ ಹೀಗೇ ಬಡಿಸುವುದು. ಚದುರಂಗದ ಅಂಕಲ್ ಕೂಡ ತಲೆಯಾಡಿಸಿ "ಸೇಮ್ ಲೈಕ್ ಮೈ ಮದರ್ ಲಾ" ಎಂದರು.

ಜಯರಾಮ್ ಅನುಮಾನಪಟ್ಟರು. "ಸರ್, ಇಂಗ್ಲೆಂಡಲ್ಲಿ ಹೀಗೆ ಫೋರ್ಸ್ ಮಾಡಿ ಬಡಿಸ್ತಾರಾ? ಜನ ನಗ್ತಾರೆ."

"ನಗಲಿ" ಎಂದರು ಮುರಿಗೆಪ್ಪ. "ಇಷ್ಟು ಒತ್ತಾಯ ಮಾಡಿ ಉಣಿಸಿದ ಮನಿಯಾಗ ಕುಂತು ಆ ಹುಡುಗ ಬೇಹುಗಾರಿಕಿ ಮಾಡಬೇಕಲ್ಲ, ಅದು ಕಷ್ಟ. ಇದು ಇರಲಿ."

ಇದ್ದೇ ಬಿಟ್ಟಿತು. ಆಮೇಲೆ ಪ್ರತಿ ರಿಹರ್ಸಲ್ಲಿನಲ್ಲೂ ಆ ದೃಶ್ಯಕ್ಕೆ ನಿಜವಾದ ಊಟ. ಊಟದ ಜೊತೆ ಮಾತು. ಸಂಕ್ರಾಂತಿಯಾದ ಮೇಲೆ ಸಂಘದ ಚುನಾವಣೆ ಇತ್ತು. ವರ್ಷಕ್ಕೊಮ್ಮೆ ನಾಟಕಕ್ಕೆ ಜಾಗ ಕೇಳಿಕೊಂಡು ಅಧ್ಯಕ್ಷರ ಮುಂದೆ ನಿಲ್ಲುವುದು ಸಾಕು, ನಮ್ಮದೇ ಒಂದು ತಂಡ ಕಟ್ಟೋಣ, ಆಗದಿದ್ದರೆ ಚುನಾವಣೆಗೆ ನಿಲ್ಲೋಣ ಎಂದು ಕೆಲವರು ಹೇಳುತ್ತಿದ್ದರು. ಯಾರು ಹೇಳಿದರು, ಯಾರು ಹೂಂ ಅಂದರು ಎಂಬುದೆಲ್ಲ ನನಗೆ ಗೊತ್ತಿತ್ತು. ಅವರ ನಡುವೆಯೇ ಕೂತು ಅವರದೇ ಡಬ್ಬಿಯಿಂದ ತಿನ್ನುತ್ತಿದ್ದೆನಲ್ಲ.

ಅಧ್ಯಕ್ಷರು ಪ್ರಹ್ಲಾದ್ ಸರ್. ಬ್ಯಾಂಕಿನಲ್ಲಿ ದೊಡ್ಡ ಹುದ್ದೆ, ಮೈಸೂರಿನವರು. ಕೆಟ್ಟವರೆಂದು ನಾನು ಹೇಳುವುದಿಲ್ಲ. ನಾನೂ ನನ್ನ ಗಂಡ ಗಿರೀಶನೂ ಎರಡು ಸೂಟ್‌ಕೇಸ್ ಹಿಡಿದು ಈ ಊರಿಗೆ ಬಂದಾಗ, ಬಾಡಿಗೆ ಮನೆ ಸಿಗುವವರೆಗೆ ಅವರ ಕಾಂಡೊ ಫ್ಲ್ಯಾಟಿನಲ್ಲಿಯೇ ಇದ್ದೆವು. ಅವರ ಹೆಂಡತಿ ಸುಮಿತ್ರಕ್ಕ ದಿನಾ ಬೆಳಿಗ್ಗೆ ನಮಗೂ ಸೇರಿಸಿ ತಿಂಡಿ ಮಾಡುತ್ತಿದ್ದರು. ಸಂಘವನ್ನು ಅವರು ಒಂದು ಕೋಣೆಯಿಂದ ಇಷ್ಟು ದೊಡ್ಡದು ಮಾಡಿದ್ದರು. ಅದು ಒಡೆದೀತೆಂಬ ಭಯ ಅವರಿಗೆ ಸದಾ ಇತ್ತು.

ಡಿಸೆಂಬರಿನ ಒಂದು ಸಂಜೆ ಕರೆಸಿಕೊಂಡರು. ಕಾಫಿ ಬಂತು, ಕೋಡುಬಳೆ ಬಂತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತು ತೆಗೆದರು.

"ನಳಿನಿ, ನಿಮ್ಮನ್ನ ನಾವು ಹೊರಗಿನೋರು ಅಂತ ಯಾವತ್ತೂ ನೋಡಿಲ್ಲ. ನಮ್ಮ ಮೈಸೂರ್ ಕಡೆಯೋರು. ಅಲ್ಲಿ ರಿಹರ್ಸಲ್ ಟೈಮಲ್ಲಿ ಏನೇನೋ ಡಿಸ್ಕಸ್ ಆಗ್ತಿದೆಯಂತೆ. ಯಾರ್ಯಾರು ಅಂತ ನನಗೊಂದು ಐಡಿಯಾ ಇದ್ರೆ ಸಾಕು."

"ಯಾಕೆ ಸರ್?"

"ಸಂಘ ಒಡೀಬಾರ್ದು ಅಂತ. ಇನ್ನೊಂದ್ಸಲ ಕಟ್ಟೋಕೆ ನನಗೆ ವಯಸ್ಸಿಲ್ಲ." ಕೋಡುಬಳೆಯ ತಟ್ಟೆಯನ್ನು ನನ್ನ ಕಡೆ ಸರಿಸಿ ಹೇಳಿದರು, "ಅಂದ ಹಾಗೆ, ಆ ಹೀರೋ ರೋಲ್ ಲೇಡೀಸ್‌ಗ್ಯಾಕೆ, ಯಂಗ್ ಹುಡುಗರಿಲ್ವಾ ಅಂತ ಕಮಿಟೀಲಿ ಮಾತು ಬಂದಿದೆ. ನಮ್ಮಣ್ಣನ ಮಗ ಕಾರ್ತಿಕ್ ರೆಡಿ ಇದಾನೆ. ನಾನು ಹೇಳಿದ್ರೆ ಆ ಮಾತು ಅಲ್ಲಿಗೆ ಕ್ಲೋಸ್ ಆಗುತ್ತೆ. ನೀವು ಟೆನ್ಷನ್ ಮಾಡ್ಕೋಬೇಡಿ. ಯೋಚನೆ ಮಾಡಿ ಹೇಳಿ."

ಕಾಫಿ ಲೋಟ ಕೆಳಗಿಟ್ಟು ಎದ್ದೆ. ಮಳೆಯಲ್ಲಿ ಲೈಟ್ ರೈಲು ಹತ್ತಿ ಮನೆಗೆ ಬಂದೆ. ಹೆಸರು ಹೇಳಿದರೆ ಗಿಲ್ಬರ್ಟ್ ನನ್ನವನು. ಹೇಳದಿದ್ದರೆ ಕೈಗೆ ಬಂದ ತುತ್ತು ಬಾಯಿಗಿಲ್ಲ. ಸುಳ್ಳೇಕೆ, ಆ ಪಾತ್ರದ ಮೇಲೆ ನನಗೆ ವಿಪರೀತ ಆಸೆಯಿತ್ತು. ಅಡಿಗೆಮನೆಯಲ್ಲಿ ಕುಕ್ಕರ್ ಕೂಗುವುದರೊಳಗೆ ಅವನ ನಡಿಗೆ ನಡೆಯುತ್ತಿದ್ದೆ. ಆಫೀಸಿನ ಮೀಟಿಂಗಿನಲ್ಲಿ ಅವನ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದೆ. ಎಷ್ಟೋ ವರ್ಷಗಳ ಮೇಲೆ ನನಗೆ ನನ್ನ ದೇಹ ಇಷ್ಟವಾಗತೊಡಗಿತ್ತು.

ಗಿರೀಶ ತನ್ನ ರೂಢಿಯಂತೆ ಸುಲಭ ದಾರಿ ತೋರಿಸಿದ. "ಒಂದೆರಡು ಹೆಸರು ಹೇಳ್ಬಿಡು. ಯಾರನ್ನೇನು ಗಲ್ಲಿಗೇರಿಸ್ತಾರಾ? ಸಂಘ ಅಷ್ಟೇ ತಾನೆ."

"ಸಂಘ ಅಷ್ಟೇ ಅಂದ್ಮೇಲೆ ಹೆಸರಾದ್ರೂ ಯಾಕೆ ಬೇಕು ಅವರಿಗೆ?" ಎಂದೆ. ಅವನು ಟೀವಿ ಹಾಕಿಕೊಂಡ.

ಮುಂದಿನ ರಿಹರ್ಸಲ್ಲಿನಲ್ಲಿ ಪಾಳೆಯಗಾರ ರೊಟ್ಟಿ ಬಡಿಸಿದಾಗ ನುಂಗಲಾಗಲಿಲ್ಲ. "ಯಾಕ್ರೀ ಮೇಡಂ, ಖಾರ ಹೆಚ್ಚಾತೇನು?" ಎಂದು ಮುರಿಗೆಪ್ಪ ಮೊಸರು ಹಾಕಿದರು. ಆ ಮೊಸರು ನೋಡುತ್ತ ನನಗೆ ಸಿಟ್ಟು ನೆತ್ತಿಗೇರಿತು. ಇವರು ನನ್ನ ಮುಂದೆ ಬಾಯಿ ಬಿಚ್ಚಿ ಮಾತಾಡುತ್ತಿರುವುದು ನಾನು ಇವರಲ್ಲೊಬ್ಬಳೆಂದು. ನನಗೊಂದು ಪಾತ್ರ ಬೇಕೆಂದು ಇವರನ್ನು ಒಬ್ಬೊಬ್ಬರಾಗಿ ತೂಗಿ ಕೊಡಬೇಕೇ? ಅಂದೇ ಸಂಜೆ ಅಧ್ಯಕ್ಷರ ಮನೆಗೆ ಹೋದೆ. ಈ ಸಲ ಕರೆಸಿಕೊಂಡಿರಲಿಲ್ಲ, ನಾನೇ ಹೋದೆ.

"ಸರ್, ಉಂಡ ಮನೆಯ ಜಂತೆ ಎಣಿಸೋ ಕೆಲಸ ನನ್ನ ಕೈಲಾಗಲ್ಲ" ಎಂದೆ. ನಿಂತೇ ಹೇಳಿದೆ.

ಅವರು ಕನ್ನಡಕ ತೆಗೆದರು. ದನಿ ಏರಿಸಲಿಲ್ಲ. "ನಮ್ಮನೇಲೂ ಉಂಡಿದೀರಲ್ಲಮ್ಮಾ. ಅದು ಮರ್ತೋಯ್ತಾ?"

ಅಡಿಗೆಮನೆಯಲ್ಲಿ ಸುಮಿತ್ರಕ್ಕನ ಬಳೆಯ ಸದ್ದು ನಿಂತಿತು. ಪೆಟ್ಟು ಸರಿಯಾದ ಜಾಗಕ್ಕೇ ಬಿದ್ದಿತ್ತು. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತಾದೆ. ಆದರೆ ಆ ಕ್ಷಣದಲ್ಲಿ ಉತ್ತರ ಎಲ್ಲಿಂದ ಬಂತೋ, ಬಂತು.

"ಮರ್ತಿಲ್ಲ ಸರ್. ಅದಕ್ಕೇ ಹೋದ ವಾರ ಈ ಸೋಫಾ ಮೇಲೆ ನೀವು ಆಡಿದ ಮಾತನ್ನ ಅಲ್ಲಿ ಯಾರಿಗೂ ಹೇಳಿಲ್ಲ. ಹೇಳೋದೂ ಇಲ್ಲ. ಆ ಮನೆ ಮಾತು ಇಲ್ಲಿಗೆ ತರಲ್ಲ, ಈ ಮನೆ ಮಾತು ಅಲ್ಲಿಗೆ ಒಯ್ಯಲ್ಲ. ನನಗೆ ಎರಡು ಮನೆ ಋಣಾನೂ ಇದೆ."

"ಪಾತ್ರ ಹೋಗುತ್ತೆ" ಎಂದರು. ಬೆದರಿಸಿದ ಹಾಗಿರಲಿಲ್ಲ, ಬ್ಯಾಂಕಿನವರು ಬಡ್ಡಿದರ ಹೇಳಿದ ಹಾಗಿತ್ತು.

"ಹೋಗ್ಲಿ" ಎಂದೆ. ಚಪ್ಪಲಿ ಮೆಟ್ಟಿ ಹೊರಟೆ, ಬೆನ್ನು ಗಿಲ್ಬರ್ಟನದೇ.

ಎರಡು ದಿನಕ್ಕೆ ಗ್ರೂಪಿನಲ್ಲಿ ಮೆಸೇಜ್ ಬಂತು. ಯುವಕರನ್ನು ಪ್ರೋತ್ಸಾಹಿಸುವ ದೃಷ್ಟಿಯಿಂದ ಗಿಲ್ಬರ್ಟನ ಪಾತ್ರವನ್ನು ಕಾರ್ತಿಕ್ ನಿರ್ವಹಿಸುತ್ತಾರೆ, ನಳಿನಿ ಮೇಡಂ ಅವರ ಅನುಭವ ಪ್ರಾಂಪ್ಟಿಂಗಿಗೆ ಬಳಕೆಯಾಗಲಿದೆ. ಕೆಳಗೆ ಸಾಲಾಗಿ ಕೈಮುಗಿಯುವ ಚಿತ್ರಗಳು. ನನ್ನ ಅನುಭವವಂತೆ. ಫೋನನ್ನು ಅಕ್ಕಿ ಡಬ್ಬದ ಮೇಲೆ ಕುಕ್ಕಿದೆ.

ಮುರಿಗೆಪ್ಪ ಕೆಂಡಾಮಂಡಲವಾಗಿ ನಮ್ಮ ಬ್ಲಾಕಿನ ಕೆಳಗೇ ಬಂದು ನಿಂತರು. "ನಾಟಕಾನ ಬ್ಯಾಡ. ನಾ ಮಾಡಾಂವಲ್ಲ. ಯಾಕ ತಗದ್ರು ನಿಮ್ಮನ್ನ? ಏನಾತು, ಹೇಳ್ರಿ."

ಹೇಳಿದ್ದರೆ ಅಂದೇ ಸಂಘ ಎರಡಾಗುತ್ತಿತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು. "ಯಾಕೆ ಅಂತ ಕೇಳ್ಬೇಡಿ ಸರ್. ನಾಟಕ ಮಾತ್ರ ನಿಲ್ಲಬಾರದು. ಆ ಹುಡುಗನಿಗೆ ಕುದುರೆಯಿಂದ ಇಳಿಯೋದು ನಾನು ಕಲಿಸ್ತೀನಿ."

ಮಳೆ ಕಂಬಗಳ ನಡುವಿನಿಂದ ಎರಚುತ್ತಿತ್ತು. ಅವರು ಕೊಡೆ ಮಡಚಿ ಕಂಬಕ್ಕೆ ಒರಗಿಸಿ ಕೇಳಿದರು, "ಆತು. ಹಂಗಾರ ಕಡೀ ಸೀನು ನೀವ ಹೇಳ್ರಿ. ಇಷ್ಟು ದಿನಾ ಗಿಲ್ಬರ್ಟ್ ಆಗಿದ್ದವರು ನೀವು. ರಾಜ ಹೆಸರು ಕೇಳ್ತಾನ. ಏನಂತಾನ ಈ ಹುಡುಗ?"

ಹೇಳಿದೆ. ಉಂಡ ಮನೆಯ ಜಂತೆ ಎಣಿಸಲಾರೆ ಎನ್ನುತ್ತಾನೆ. ಆಗ ರಾಜ, ನನ್ನ ಅರಮನೆಯಲ್ಲೂ ಉಂಡವನು ನೀನು ಎನ್ನುತ್ತಾನೆ. ಅದಕ್ಕೆ ಗಿಲ್ಬರ್ಟ್ ಕೊಡುವ ಉತ್ತರವನ್ನೂ ಹೇಳಿದೆ. ಮುರಿಗೆಪ್ಪ ಕಣ್ಣು ಮುಚ್ಚಿ ಕೇಳಿದರು. ಎಲ್ಲಿಂದ ಬಂತು ಎಂದು ಕೇಳಲಿಲ್ಲ. "ಆಮ್ಯಾಲ ರಾಜ ಏನು ಮಾಡ್ತಾನ?" ಎಂದಷ್ಟೇ ಕೇಳಿದರು.

"ಕುದುರೆ, ಕತ್ತಿ ಎರಡನ್ನೂ ಕಿತ್ಕೋತಾನೆ. ಇವನು ನಡ್ಕೊಂಡು ಹೋಗ್ತಾನೆ."

ಅಧ್ಯಕ್ಷರ ಮನೆಯ ಮಾತನ್ನು ಹೊರಗೆ ಒಯ್ಯುವುದಿಲ್ಲವೆಂದು ಹೇಳಿ ನಾಟಕಕ್ಕೆ ಒಯ್ದೆಯಲ್ಲ ಎಂದು ಕೇಳುವವರು ಕೇಳಲಿ. ನಾನು ಒಯ್ದದ್ದು ನನ್ನ ಬಾಯಿಂದ ಬಂದ ಮಾತನ್ನು. ರಾಜನ ಮಾತೂ ಜೊತೆಗೆ ಬಂತು, ನಿಜ. ಅದಿಲ್ಲದೆ ನನ್ನದು ನಿಲ್ಲುತ್ತಿರಲಿಲ್ಲ. ಈ ವಿಷಯದಲ್ಲಿ ನನಗೆ ಅಂದೂ ಅಳುಕಿರಲಿಲ್ಲ, ಇಂದೂ ಇಲ್ಲ.

ಕಾರ್ತಿಕನನ್ನು ದ್ವೇಷಿಸಬೇಕೆಂದು ತಯಾರಾಗಿ ಕೂತಿದ್ದೆ. ಹುಡುಗ ಅದಕ್ಕೆ ಅವಕಾಶ ಕೊಡಲಿಲ್ಲ. ಚಿಕ್ಕಂದಿನಲ್ಲೇ ಇಲ್ಲಿಗೆ ಬಂದು ಬೆಳೆದವನು, ಆಗಷ್ಟೇ ಕೆಲಸಕ್ಕೆ ಸೇರಿದ್ದ. ಬಂದವನೇ, "ಆಂಟಿ, ಐ ಆಮ್ ಸಾರಿ ಲಾ. ನಿಮ್ಮ ರೋಲ್ ಅಂತ ನಂಗೆ ಗೊತ್ತಿರ್ಲಿಲ್ಲ. ದೊಡ್ಡಪ್ಪ ಹೇಳ್ಲಿಲ್ಲ" ಎಂದ. ಚಿಕ್ಕಪ್ಪನನ್ನೇ ದೊಡ್ಡಪ್ಪ ಎನ್ನುವಷ್ಟು ಕನ್ನಡ ಅವನದು. ಕೊನೆಯ ಮಾತು ಕಲಿಸುವಾಗ ಕೇಳಿದ, "ಆಂಟಿ, ಜಂತೆ ಅಂದ್ರೆ ಏನು?"

ಮೇಲೆ ನೋಡಿದೆ. ಕಾಂಕ್ರೀಟಿನ ಸೀಲಿಂಗು, ಅದರಲ್ಲಿ ನೀರಿನ ಪೈಪುಗಳು. ಇಡೀ ಸೆಂಗ್‌ಕಾಂಗಿನಲ್ಲಿ ತೋರಿಸಲು ಒಂದು ಜಂತೆಯಿಲ್ಲ. "ಹಳೇ ಮನೆ ಸೂರಿನ ಕೆಳಗೆ ಅಡ್ಡಡ್ಡ ಮರ ಇರುತ್ತಲ್ಲ, ಅದು. ಒಬ್ಬರ ಮನೇಲಿ ಊಟಕ್ಕೆ ಕೂತು, ತಲೆ ಎತ್ತಿ ಆ ಮರಗಳನ್ನ ಎಣಿಸ್ತಾ ಇದ್ರೆ ಏನರ್ಥ? ಊಟದ ಮೇಲೆ ಗಮನ ಇಲ್ಲ, ಅವರ ಹತ್ರ ಏನೇನಿದೆ, ಎಲ್ಲಿ ಏನು ಮುರಿದಿದೆ ಅಂತ ನೋಡ್ತಿದೀಯ ಅಂತ."

ಅವನೂ ಮೇಲೆ ನೋಡಿದ. "ಸೋ, ಗಿಲ್ಬರ್ಟ್ ಜಸ್ಟ್ ಈಟ್ಸ್."

"ಹೂಂ. ಊಟ ಮಾಡ್ತಾನೆ, ಅಷ್ಟೇ."

ಸಂಕ್ರಾಂತಿಯ ದಿನವೂ ಮಳೆ. ಸಭಾಂಗಣದ ಬಾಗಿಲಲ್ಲಿ ಎಳ್ಳುಬೆಲ್ಲದ ಪೊಟ್ಟಣ ತೆಗೆದುಕೊಂಡು ಜನ ಒದ್ದೆ ಕೊಡೆಗಳ ಜೊತೆ ಒಳಗೆ ಬಂದರು. ನಾನು ಕಪ್ಪು ಸೀರೆ ಉಟ್ಟು ಮಾತು ಮರೆತವರಿಗೆ ಹೇಳಿಕೊಡಲು ಪಕ್ಕದ ಪರದೆಯ ಮರೆಯಲ್ಲಿ ನಿಂತೆ. ನಾನೇ ಬಣ್ಣ ಹೊಡೆದ ಎದೆಕವಚ ಕಾರ್ತಿಕನ ಮೈಮೇಲೆ ಹೊಳೆಯುತ್ತಿತ್ತು. ಅದು ನನ್ನದು, ನನಗೆ ಸಲ್ಲಬೇಕಾದದ್ದು ಎಂದು ಹಲ್ಲು ಕಚ್ಚಿ ನಿಂತೆ. ಔತಣದ ದೃಶ್ಯದಲ್ಲಿ ಪಾಳೆಯಗಾರ ಕೈ ತಪ್ಪಿಸಿ ರೊಟ್ಟಿ ಹಾಕಿದಾಗ ಇಡೀ ಸಭಾಂಗಣ ನಕ್ಕಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಪ್ರಹ್ಲಾದ್ ಸರ್ ಕೂಡ ನಕ್ಕರು.

ಕೊನೆಯ ದೃಶ್ಯ. ಸಿಂಹಾಸನದ ಮೇಲಿಂದ ಜಯರಾಮ್ ಕೇಳಿದರು, "ಹೆಸರುಗಳನ್ನು ಹೇಳು."

"ಉಂಡ ಮನೆಯ ಜಂತೆ ಎಣಿಸಲಾರೆ, ಪ್ರಭು."

"ನನ್ನ ಅರಮನೆಯಲ್ಲೂ ಉಂಡವನು ನೀನು. ಮರೆತೆಯಾ?"

ನಾನು ಪ್ರಾಂಪ್ಟ್ ಮಾಡುವುದನ್ನು ಬಿಟ್ಟು ಮುಂದಿನ ಸಾಲನ್ನೇ ನೋಡುತ್ತಿದ್ದೆ. ಅಧ್ಯಕ್ಷರ ಬಾಯಿಗೆ ಹೋಗುತ್ತಿದ್ದ ಎಳ್ಳುಬೆಲ್ಲ ಅಲ್ಲೇ ನಿಂತಿತು. ಸುಮಿತ್ರಕ್ಕ ಮೆಲ್ಲಗೆ ಗಂಡನ ಕಡೆ ತಿರುಗಿ ನೋಡಿದರು.

ಕಾರ್ತಿಕ್ ತನ್ನದೇ ಉಚ್ಚಾರದಲ್ಲಿ, ಎಲ್ಲೂ ತಡವರಿಸದೆ ಹೇಳಿದ: "ಮರೆತಿಲ್ಲ ಪ್ರಭು. ಅದಕ್ಕೇ ನಿಮ್ಮ ಅರಮನೆಯ ಮಾತನ್ನು ಆ ಕೋಟೆಗೆ ಒಯ್ಯಲಿಲ್ಲ. ಆ ಕೋಟೆಯ ಮಾತನ್ನು ಇಲ್ಲಿಗೆ ತರುವುದಿಲ್ಲ. ನನಗೆ ಎರಡು ಮನೆಯ ಋಣವೂ ಇದೆ." ನನ್ನ ತುಟಿಗಳೂ ಅವನ ಜೊತೆ ಆಡಿದವು. ಅವನು ಕತ್ತಿ ಕೆಳಗಿಟ್ಟು ನಡೆದು ಹೋದ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅಧ್ಯಕ್ಷರೂ ಏಳಬೇಕಾಯಿತು.

ಎಲ್ಲ ಮುಗಿದು ಜನ ಊಟದ ಕಡೆ ಹೋದ ಮೇಲೆ ಅವರು ರಂಗದ ಹಿಂದೆ ಬಂದರು. ನಾನೊಬ್ಬಳೇ ಕವಚ ಎತ್ತಿಡುತ್ತಿದ್ದೆ.

"ಎಲ್ರಿಗೂ ಹೇಳ್ಬಿಟ್ರಾ?" ಎಂದರು. ದನಿ ಸಣ್ಣದಾಗಿತ್ತು.

ನಾನು ತಲೆ ತಗ್ಗಿಸಲಿಲ್ಲ. "ಮಾತು ನನ್ನದು ಸರ್, ಅದನ್ನ ಕೊಟ್ಟೆ. ಹೆಸರು ನಿಮ್ಮದು. ಅದನ್ನ ಯಾರಿಗೂ ಕೊಟ್ಟಿಲ್ಲ."

ಅವರು ಕವಚದ ಕಡೆ ಒಮ್ಮೆ ನೋಡಿದರು. "ಊಟ ಮಾಡ್ಕೊಂಡು ಹೋಗಿ" ಎಂದಷ್ಟೇ ಹೇಳಿ ಹೊರಟುಹೋದರು. ಮಾಡಿಕೊಂಡೇ ಹೋದೆ. ಎರಡನೇ ಸಲ ಪೊಂಗಲ್ ಹಾಕಿಸಿಕೊಂಡೆ.

ಮರುವರ್ಷ ಸಂಘದವರು ತಾಯಿಯ ಪಾತ್ರಕ್ಕೆ ಕರೆದರು. ಬರುವುದಿಲ್ಲವೆಂದೆ. ಗಿಲ್ಬರ್ಟ್ ಮತ್ತೆ ಸಿಗಲಿಲ್ಲ, ಇನ್ನು ಸಿಗುವುದೂ ಇಲ್ಲ. ಆ ದುಃಖ ಹೋಗಿದೆಯೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಆ ಸಂಜೆಗೆ ನನ್ನನ್ನು ಮತ್ತೆ ಕರೆದೊಯ್ದರೂ ನಿಂತೇ ಮಾತಾಡುತ್ತೇನೆ, ಅದನ್ನೇ ಹೇಳುತ್ತೇನೆ.

ಇದನ್ನು ಓದಿ ಇಲ್ಲಿಯ ಕನ್ನಡದವರು ಲೆಕ್ಕ ಹಾಕಲು ಕೂರುತ್ತಾರೆ, ನನಗೆ ಗೊತ್ತು. ಆ ಅಧ್ಯಕ್ಷರು ಯಾರು, ಚುನಾವಣೆಗೆ ನಿಲ್ಲೋಣ ಎಂದವರು ಯಾರು. ಪ್ರಹ್ಲಾದ್ ಅವರ ಹೆಸರಲ್ಲ, ಮುರಿಗೆಪ್ಪ ಇವರ ಹೆಸರಲ್ಲ, ನಾನೂ ನಳಿನಿಯಲ್ಲ. ಕೇಳಬೇಕೆನಿಸಿದವರು ಮನೆಗೆ ಬನ್ನಿ. ಊಟ ಹಾಕುತ್ತೇನೆ, ಹೆಸರು ಹೇಳುವುದಿಲ್ಲ.